ಕುರ್ಚಿಯ ಮೇಲಿನ ಟವೆಲ್

ಮಧ್ಯಂತರದ ದೀಪ ಹತ್ತಿದ ಕೂಡಲೇ ಭೀಮೇಶ್ ನೋಡಿದ್ದು ಜನರ ಮುಖವನ್ನಲ್ಲ, ಕುರ್ಚಿಗಳನ್ನು. ಜಗಳೂರಿನ ಈ ಟಾಕೀಸಿನಲ್ಲಿ ಟೀ ಕುಡಿಯಲು ಹೋಗುವವರು ವಾಪಸ್ ಬರುವುದಾದರೆ ಕುರ್ಚಿಯ ಮೇಲೆ ಟವೆಲ್ಲೋ ಕರ್ಚೀಫೋ ಬಿಟ್ಟು ಹೋಗುತ್ತಾರೆ. ತಾನೇ ನಿರ್ದೇಶಿಸಿದ ಮೊದಲ ಸಿನಿಮಾಕ್ಕೆ ಮಾಸ್ಕ್ ಹಾಕಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಅವನಿಗೆ ಅದು ಗೊತ್ತಿತ್ತು. ಶುಕ್ರವಾರ, ಶನಿವಾರ ಎಲ್ಲೂ ಕಲೆಕ್ಷನ್ ಆಗಿರಲಿಲ್ಲ. ಈ ಭಾನುವಾರವೂ ಕೈಕೊಟ್ಟರೆ ನಾಳೆ ಇಲ್ಲಿ ಬೇರೆ ಪೋಸ್ಟರ್.

ಒಬ್ಬೊಬ್ಬರಾಗಿ ಎದ್ದು ಹೋದರು. ಒಂದು ಕುರ್ಚಿಯ ಮೇಲೂ ಏನೂ ಉಳಿಯಲಿಲ್ಲ. ಅವನ ಪಕ್ಕದಲ್ಲಿದ್ದ ಹಿರಿಯರೂ ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲವರೆಗೆ ಹೋದರು. ಅಲ್ಲಿ ಒಂದು ಗಳಿಗೆ ನಿಂತು, ತಿರುಗಿ ಬಂದು, ಟವೆಲ್ ಬಿಚ್ಚಿ ತಮ್ಮ ಕುರ್ಚಿಗೂ ಅದರಾಚೆಯ ಖಾಲಿ ಕುರ್ಚಿಗೂ ಸೇರಿಸಿ ಹಾಸಿದರು.

"ಯಾರೂ ಕೂರದಂಗೆ ನೋಡ್ಕಳಪ್ಪ. ಮನೆ ಇಲ್ಲೇ ಹಿಂದ್ಗಡೆ ಐತೆ, ನಮ್ಮ ಮನೆಯೋಳ್ನ ಕರ್ಕಂಡು ಬರ್ತೀನಿ."

"ಅರ್ಧ ಮುಗ್ದೋತಲ್ರೀ?"

"ಆಗಿದ್ದು ದಾರೀಲಿ ಅವ್ಳಿಗೆ ಹೇಳ್ತೀನಿ."

ದೀಪ ಆರಿ ಸಿನಿಮಾ ಮತ್ತೆ ಶುರುವಾಯಿತು. ಆ ಖಾಲಿ ಹಾಲಿನಲ್ಲಿ ಎರಡು ಕುರ್ಚಿಗೆ ಆಸೆಪಡುವವರು ಯಾರೂ ಇರಲಿಲ್ಲ. ಆದರೂ ಭೀಮೇಶ್ ಟವೆಲಿನ ಮೇಲೆ ಕೈಯಿಟ್ಟುಕೊಂಡು, ತನ್ನ ಸಿನಿಮಾಕ್ಕೆ ಬೆನ್ನು ತಿರುಗಿಸಿ, ಬಾಗಿಲನ್ನೇ ಕಾಯುತ್ತ ಕೂತ.