ತೊಟ್ಟಿಲಲ್ಲಿದ್ದ ಮಾಲು

ಮೂತ್ರದಲ್ಲಿ ಸಂತೋಷದ ಅಂಶ ಕಂಡರೆ ಬಸ್ಸು ಓಡಿಸುವಂತಿರಲಿಲ್ಲ. ಹಾಗಾಗಿ ತಪಾಸಣೆಯ ದಿನ ಗಂಡನ ಮೇಲೆ ಜಗಳ ತೆಗೆಯುವುದು ಡ್ರೈವರುಗಳ ಹೆಂಡಂದಿರ ವಾಡಿಕೆ. ಚನ್ನವೀರನ ಹೆಂಡತಿಯೂ ಅವನ ಏಳು ತಲೆಮಾರನ್ನು ಜಾಲಾಡಿಯೇ ಕಳಿಸಿದ್ದಳು. ಆದರೂ ಲ್ಯಾಬಿನಲ್ಲಿ ಅವನ ಮೂತ್ರಕ್ಕೆ ಅದ್ದಿದ ಪಟ್ಟಿ ಕೆಂಪಗಾಯಿತು.

"ಏನ್ ಏರಿಸ್ಕೊಂಡ್ ಬಂದೀಪಾ?" ಎಂದಳು ಲ್ಯಾಬಿನ ಸಾವಂತ್ರವ್ವ.

"ಏನಿಲ್ರೀ ಅಕ್ಕಾರ. ಹೊಂಡೂವಾಗ ಮಗಳು ಮೊದಲ ಸಲ ಅಪ್ಪಾ ಅಂದ್ಲು."

"ಸಿಕ್ಕಬಿದ್ದವರೆಲ್ಲಾ ಹಿಂಗ ಏನರ ಅಂತಾರ. ಮಾಲು ಎಲ್ಲೈತಿ?"

"ಮನ್ಯಾಗ್ರೀ... ತೊಟ್ಟಿಲದಾಗ."

ಸ್ವಲ್ಪ ಹೊತ್ತಿನಲ್ಲೇ ಪೊಲೀಸರು ಮಗುವನ್ನು ತಂದು, ಕಾಲಿಗೆ ಚೀಟಿ ಕಟ್ಟಿ, ಜಪ್ತಿ ಕೋಣೆಗೆ ಒಯ್ದರು.

"ಯಾವಾಗ ಕೊಡ್ತೀರಿ?" ಚನ್ನವೀರ ಕೈಮುಗಿದ.

ಸಾವಂತ್ರವ್ವ ಖಾಲಿ ಬಾಟಲಿ ಮುಂದಿಟ್ಟಳು. "ವಾರಕ್ಕೊಮ್ಮೆ ಬಂದು ಆಕೀನ್ನ ನೋಡು, ಇದರಾಗ ಉಚ್ಚಿ ಕೊಡು. ನೋಡಿದ್ರೂ ಖುಷಿ ಆಗದ ದಿನ ಕರಕೊಂಡ ಹೋಗು."