ವೋಟಿನ ಬಸ್ಸು

ಶೇಂಗಾ ಹಿಂಡಿಯ ವಾಸನೆ ಬಂದರೆ ನನಗೆ ಈಗಲೂ ಹೊಟ್ಟೆಕಿಚ್ಚು ಏಳುತ್ತದೆ.

ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯಲ್ಲಿದ್ದವರೆಲ್ಲ ಕಟ್ಟಡ ಕೆಲಸಕ್ಕೆ ಬಂದ ಕರ್ನಾಟಕದ ಒಂದೇ ಊರಿನವರು. ಅಲ್ಲಿ ಎಂಎಲ್ಎ ಎಲೆಕ್ಷನ್ ಬಂದಾಗ, ವೋಟಿದ್ದವರನ್ನು ಮಕ್ಕಳ ಸಮೇತ ಕರೆದೊಯ್ಯಲು ಊರಿಂದಲೇ ಬಸ್ಸು ಬರುತ್ತಿತ್ತು. ಆ ಸಲ ಅವ್ವ ಊರಲ್ಲಿದ್ದ ಅಜ್ಜಿಗೆಂದು ಬೆಳಗಿನಿಂದ ರೊಟ್ಟಿ ಬಡಿದು, ನಂಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿ, ಗಂಟು ಕಟ್ಟಿದ್ದಳು. ಮಧ್ಯಾಹ್ನ ಬಸ್ಸು ಬಂತು. ಊರಿನ ವೋಟರ್ ಲಿಸ್ಟ್ ಹಿಡಿದಿದ್ದವನು ಎರಡು ಸಲ ಬೆರಳಾಡಿಸಿ ನೋಡಿದ.

"ನಿಮ್ಮ ಹೆಸರು ತೆಗದಾರ್ರಿ ಅಕ್ಕಾ. ನೀವು ಊರಾಗ ಇರಂಗಿಲ್ಲಲ್ಲ."

"ಇಲ್ಲಿ ಲಿಸ್ಟಿನ್ಯಾಗೂ ನಮ್ಮ ಹೆಸರಿಲ್ಲಲ್ಲೋ ತಮ್ಮಾ," ಅಂದಳು ಅವ್ವ.

ಪಕ್ಕದ ಮನೆಯ, ನನ್ನ ವಯಸ್ಸಿನ ಶರಣಿ ಆಗಲೇ ಅವರವ್ವನ ಜೊತೆ ಕಿಟಕಿಯ ಸೀಟು ಹಿಡಿದು, ನನ್ನ ಹೆಸರು ಕೂಗಿ ಕೈ ಬೀಸುತ್ತಿದ್ದಳು. ಆ ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಲಿ ಎಂದು ಶಪಿಸಿದೆ. ಅವ್ವ ಮಾತ್ರ ಗಂಟನ್ನು ಶರಣಿಯ ಕೈಗೇ ಕೊಟ್ಟು, "ನಮ್ಮ ಅಜ್ಜಿಗೆ ಮುಟ್ಟಸವ್ವಾ" ಅಂದಳು.

ಮೂರನೆಯ ದಿನ ವಾಪಸು ಬಂದ ಶರಣಿ ಸೀದಾ ನನ್ನ ಹತ್ತಿರ ಓಡಿ ಬಂದಳು.

"ನಿಮ್ಮಜ್ಜಿ ನನ್ನ ತೊಡಿ ಮ್ಯಾಲ ಕುಂದರಿಸ್ಕೊಂಡು ಮುದ್ದು ಕೊಟ್ಲು. ಇದನ್ನ ಅಕಿಗೆ ಕೊಡು ಅಂದಾಳ," ಎಂದು ನನ್ನ ಕೆನ್ನೆಯತ್ತ ಬಾಗಿದಳು.

ನಾನು ಅವಳನ್ನು ನೂಕಿಬಿಟ್ಟೆ. ಅಜ್ಜಿಯ ಮುದ್ದು ಅವಳ ಹತ್ತಿರವೇ ಉಳಿಯಿತು.