ಸಾಯದ ಮೀನಿನ ಅಂಗಡಿ

ಪರೀಕ್ಷೆಯ ಹನಿ ಬಿದ್ದ ಕೂಡಲೇ ಗಾಜಿನ ಕೊಳವೆಯೊಳಗಿನ ನೀರು ಇವತ್ತೂ ಹಸಿರಿಗೆ ತಿರುಗಿತು. ಹಳದಿಯಾಗಿ ಉಳಿದರೆ ಟ್ಯಾಂಕಿಗೆ ಮೀನು ಬಿಡಬಹುದು. ಹಸಿರಾದರೆ ನೀರಿನಲ್ಲಿ ಅಮೋನಿಯಾದ ವಿಷ ಉಳಿದಿದೆಯೆಂದು ಅರ್ಥ, ಬಿಟ್ಟ ಮೀನು ಬದುಕುವುದಿಲ್ಲ. ಬಸವಕಿರಣ ಕೊಳವೆಯನ್ನು ಬಾಗಿಲ ಬೆಳಕಿಗೆ ಹಿಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಹಸಿರು ಹಸಿರಾಗಿಯೇ ಇತ್ತು.

ಜಹೀರಾಬಾದಿನ ಆ ಗಲ್ಲಿಯಲ್ಲಿ ತೆಲುಗು, ಉರ್ದು, ಕೆಳಗೆ ಸಣ್ಣದಾಗಿ ಕನ್ನಡದಲ್ಲಿ ‘ಸಾಯದ ಮೀನಿನ ಅಂಗಡಿ’ ಎಂಬ ಬೋರ್ಡು ಏರಿ ಬಹಳ ದಿನವಾಗಿತ್ತು. ಊರಿನಲ್ಲಿ ಕೊಂಡ ಬಣ್ಣದ ಮೀನು ವಾರ ಬಾಳುವುದಿಲ್ಲವೆಂಬ ಕೆಟ್ಟ ಹೆಸರನ್ನು ಅಳಿಸುವುದು ಅವನ ಹಟ. ಅದಕ್ಕೆ ಮೀನಿಗಿಂತ ಮೊದಲು ನೀರು ಹದವಾಗಬೇಕು. ನೀರಿಗೆ ಅಮೋನಿಯಾ ಹನಿಸುತ್ತ, ಅದನ್ನು ತಿಂದು ಬದುಕುವ ಕಣ್ಣಿಗೆ ಕಾಣದ ಜೀವಗಳನ್ನು ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಸಬೇಕು; ಮುಂದೆ ಮೀನಿನ ಹೊಲಸನ್ನು ಅರಗಿಸುವವು ಅವೇ. ಇದನ್ನು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಅವರು ಖಾಲಿ ಟ್ಯಾಂಕನ್ನು ನೋಡಿ, ತಲೆದೂಗಿ, ಹೊರಗೆ ಹೋಗಿ ನಗುತ್ತಿದ್ದರು. ಲಿಂಗ ಕಟ್ಟಿದವರ ಮನೆಯ ಹುಡುಗ ಮೀನಿನ ಅಂಗಡಿ ಹಾಕಿದನೆಂದು ಮೊದಲು ಸಿಟ್ಟಾಗಿದ್ದ ಸೋದರಮಾವ ಕಾಶಿನಾಥ ಈಗ ಸಮಾಧಾನವಾಗಿದ್ದ. ಮೀನೇ ಇಲ್ಲವಲ್ಲ, ಮತ್ತೇನು ದೋಷ ಎನ್ನುತ್ತಿದ್ದ.

ಸಲಹೆಗಳಿಗೆ ಕೊರತೆಯಿರಲಿಲ್ಲ. ಮೊಬೈಲಿನ ಮೀನು ಬಳಗದಲ್ಲಿ ಒಬ್ಬ ನೀರು ತಣ್ಣಗಾಗಿದೆ ಎಂದ, ಹೀಟರ್ ಬಂತು. ಇನ್ನೊಬ್ಬ ಅಮೋನಿಯಾ ಜಾಸ್ತಿಯಾಗಿದೆ ಎಂದ, ಕಡಿಮೆ ಮಾಡಿದ್ದಾಯಿತು. ಬಾಟಲಿಯಲ್ಲಿ ಸಿಗುವ ಜೀವಗಳನ್ನು ತಂದು ಸುರಿದದ್ದೂ ಆಯಿತು. ನಾರಾಯಣಖೇಡದ ವಾಸ್ತು ಪಂಡಿತ ಬಂದು ಟ್ಯಾಂಕನ್ನು ಈಶಾನ್ಯಕ್ಕೆ, ದೇವರ ಫೋಟೊ ಇದ್ದ ಮೂಲೆಗೆ ಸರಿಸಿದ. ತಾಂಡೂರಿನ ಗೆಳೆಯ ತಮ್ಮೂರ ಕಲ್ಲಿನ ಮೇಲಿಟ್ಟರೆ ಯಾವುದೂ ಕೆಡುವುದಿಲ್ಲವೆಂದು ಒಂದು ಫರಸಿಯನ್ನೇ ಕಳಿಸಿದ. ಇಷ್ಟೆಲ್ಲದರ ನಡುವೆ ಸ್ಪಂಜು ಮಾತ್ರ ಕೊಂಡ ದಿನದಂತೆ ಬೆಳ್ಳಗೇ ಉಳಿದಿತ್ತು. ಬಸವಕಿರಣನಿಗೆ ಅದು ಹೆಮ್ಮೆ. ಅದರ ಫೋಟೊ ತೆಗೆದು ಬಳಗಕ್ಕೂ ಹಾಕಿದ್ದ, ಮೆಚ್ಚುಗೆಯ ಹೆಬ್ಬೆರಳುಗಳು ಬಂದಿದ್ದವು.

ಬಂದಿದ್ದದ್ದು ಒಂದೇ ಒಂದು ಆರ್ಡರು. ಟಿಫಿನ್ ಹೋಟೆಲಿನ ಶಾಂತಪ್ಪನಿಗೆ ಗಲ್ಲಾದ ಪಕ್ಕದಲ್ಲಿ ಮೀನು ಓಡಾಡಬೇಕಿತ್ತು. ಇವತ್ತು ಬೆಳಿಗ್ಗೆ ಬಂದು ನೋಡುತ್ತೇನೆ, ಆಗದಿದ್ದರೆ ಹೈದರಾಬಾದಿನಿಂದ ತರಿಸುತ್ತೇನೆ ಎಂದು ಹೇಳಿ ಕಳಿಸಿದ್ದ. ಅವನು ಕೈಬಿಟ್ಟರೆ ಊರಿನಲ್ಲಿ ಮತ್ತಾರೂ ಈ ಬಾಗಿಲು ತುಳಿಯುವುದಿಲ್ಲ. ದಿನವೂ ತಾಯಿ ಪಾರ್ವತಿಬಾಯಿ ಅಂಗಡಿ ತೆರೆದು, ಕಸ ಗುಡಿಸಿ, ದೀಪ ಹಚ್ಚಿ ಹೋದ ಮೇಲೆ ಬರುವ ಬಸವಕಿರಣ ಇವತ್ತು ಬೇಗ ಬಂದದ್ದು ಅದಕ್ಕೇ. ಕೊಳವೆ ಕೆಳಗಿಡುವಾಗ ಹಿಂದುಗಡೆ ನಳದ ಸಪ್ಪಳ ಕೇಳಿತು. ಫಿಲ್ಟರಿನ ಡಬ್ಬಿಯಲ್ಲಿ ಸ್ಪಂಜು ಇರಲಿಲ್ಲ.

ಪಾರ್ವತಿಬಾಯಿ ಬಕೆಟ್ಟಿನ ಮೇಲೆ ಸ್ಪಂಜು ಹಿಂಡುತ್ತಿದ್ದಳು. ನಳದ ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ.

“ಅವ್ವಾ, ಏನ್ ಮಾಡಾಕತ್ತಿ?”

“ನಿನ್ನೀ ನೀರು ಕುಂತು ಲೋಳಿ ಹಿಡೀತದಪ್ಪ. ದಿನಾ ತೊಳೀತೀನಿ. ದೀಪ ಹಚ್ಚೋ ಜಾಗದಾಗ ತಂಗಳ ನೀರು ಇಡಬಾರದು.”

“ಅದು ಲೋಳಿ ಅಲ್ಲವ್ವಾ. ಅವೆಲ್ಲಾ ಜೀವ. ಈ ಪೌಡರ್ ನೀರಿಗೆ ಸಾಯ್ತಾವು.”

ಆಕೆಯ ಕೈ ನಿಂತಿತು. ಕುಡಿಯುವ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿಯೇ ಕೊಡ ತುಂಬುವವಳು ಆಕೆ. ನೀರಿನಲ್ಲಿರುವ ಜೀವ ಸಾಯಬಾರದೆಂದು ಬಟ್ಟೆಯಲ್ಲಿ ಉಳಿದದ್ದನ್ನೂ ನೀರಿಗೇ ತಿರುಗಿ ಬಿಡುತ್ತಿದ್ದಳು.

“ಖಾಲಿ ಟ್ಯಾಂಕ್ ಅಂತಿದ್ರಲ್ಲೋ ಎಲ್ಲಾರೂ,” ಎಂದಳು. ಸ್ಪಂಜನ್ನು ಬೆಳಕಿಗೆ ಎತ್ತಿ ಹಿಡಿದು, “ಎಷ್ಟಿದ್ದಾವು?” ಎಂದು ಕೇಳಿದಳು. ಮಗ ಆಕೆಯ ಕೈಯಿಂದ ಸ್ಪಂಜು ತೆಗೆದುಕೊಂಡ.

ಅಷ್ಟರಲ್ಲಿ ಶಾಂತಪ್ಪ ಬಂದ. ಟ್ಯಾಂಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. “ಬೋರ್ಡ್ ಮಾತ್ರ ಖರೇ ಬರಸೀರಿ ನೋಡ್ರಿ. ನಿಮ್ಮ ಅಂಗಡ್ಯಾಗ ಒಂದ್ ಮೀನೂ ಸತ್ತಿಲ್ಲ,” ಎಂದು ಚಪ್ಪಲಿ ಮೆಟ್ಟಿಕೊಂಡ. ಹೊರಟವನು ಬಾಗಿಲ ಬದಿಯ ಕಲ್ಲಿನ ತೊಟ್ಟಿಯ ಹತ್ತಿರ ನಿಂತುಬಿಟ್ಟ. ಗಲ್ಲಿಯ ಎಮ್ಮೆಗಳು ಕುಡಿಯಲೆಂದು ಇಟ್ಟ ತೊಟ್ಟಿ ಅದು, ಒಳಗೋಡೆಗೆಲ್ಲ ಪಾಚಿ. ಮಳೆಗಾಲದಲ್ಲಿ ಮುನಿಸಿಪಾಲ್ಟಿಯವರು ಸೊಳ್ಳೆಮರಿ ತಿನ್ನಲೆಂದು ಬಿಟ್ಟುಹೋದ ಸಣ್ಣ ಮೀನುಗಳು ಈಗ ಮರಿ ಹಾಕಿ, ಗುಂಪುಗುಂಪಾಗಿ ಓಡಾಡುತ್ತಿದ್ದವು.

“ಇವು ಛಲೋ ಬದುಕ್ಯಾವಲ್ಲ. ಯಾರು ಸಾಕ್ಯಾರ?”

“ಯಾರೂ ಸಾಕಿಲ್ಲಪ್ಪ,” ಎಂದು ಪಾರ್ವತಿಬಾಯಿ ಒಳಗಿನಿಂದಲೇ ಹೇಳಿದಳು. “ಸ್ಪಂಜ್ ಹಿಂಡಿದ ನೀರು ಅದರಾಗ ಹಾಕ್ತೀನಿ, ಅಷ್ಟ. ದೇವರ ಮುಂದಿನ ನೀರು, ಮಂದಿ ತುಳಿಯೋ ಕಡಿ ಹ್ಯಾಂಗ ಚೆಲ್ಲಲಿ?”

ಶಾಂತಪ್ಪ ತೊಟ್ಟಿಯನ್ನೂ ಬೋರ್ಡನ್ನೂ ಒಮ್ಮೆ ನೋಡಿದ. ಹೈದರಾಬಾದಿನ ಮಾತು ದೀಪಾವಳಿ ತನಕ ಎತ್ತುವುದಿಲ್ಲವೆಂದ. ಅಲ್ಲಿಯವರೆಗೆ ಗಲ್ಲಾದ ಪಕ್ಕ ಈ ತೊಟ್ಟಿಯನ್ನೇ ಇಡಬಹುದಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ನಗುತ್ತ ಹೋದ.

ತನ್ನ ಸ್ಪಂಜಿನಲ್ಲಿ ಹಿಡಿಯದ ಜೀವಗಳು ಈ ಪಾಚಿಯಲ್ಲಿ ತುಂಬಿವೆಯೆಂದು ಬಸವಕಿರಣನಿಗೆ ಹೊಳೆಯಿತು. ಗಲ್ಲಿಯ ಎರಡೂ ತುದಿ ನೋಡಿದ. ಪರಿಚಯದವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಆ ಬೆಳ್ಳನೆಯ ಸ್ಪಂಜನ್ನು ತೊಟ್ಟಿಯಲ್ಲಿ ಅದ್ದಿ, ಪಾಚಿಗಟ್ಟಿದ ಕಲ್ಲಿಗೆ ಒತ್ತಿ ಒತ್ತಿ ತಿಕ್ಕತೊಡಗಿದ. ನೀರು ಕುಡಿಯುತ್ತಿದ್ದ ಎಮ್ಮೆಯೊಂದು ತಲೆಯೆತ್ತಿ ಅವನನ್ನೇ ನೋಡಿತು.

ಪಾರ್ವತಿಬಾಯಿ ಹೊಸ್ತಿಲಿಗೆ ಬಂದಳು. “ತೊಳಿಯಾಕತ್ತಿ ಏನಪ್ಪಾ?”

“ಇಲ್ಲವ್ವಾ,” ಎಂದ ಅವನು, ತಲೆಯೆತ್ತದೆ. “ಹೊಲಸು ಮಾಡಾಕತ್ತೀನಿ.”